ಕಿಮ್ಚಿ ಜಾಡಿ ಕಲಿಸಿದ ರಸಮೇವಿನ ಪಾಠ



ಕಳೆದ ಬೇಸಿಗೆಯಲ್ಲಿ ಸದಸ್ಯೆಯೊಬ್ಬರು ಆಸೆಯಿಂದ ಮಾಡಿದ್ದ ರಸಮೇವಿನ ಚೀಲ ಬಿಚ್ಚಿದಾಗ ಒಳಗೆಲ್ಲ ಬರೀ ಬೂಷ್ಟು. ಅಷ್ಟನ್ನೂ ತಿಪ್ಪೆಗೆ ಸುರಿದು, "ಇನ್ನು ಇದರ ಸಹವಾಸವೇ ಬೇಡ ಡಾಕ್ಟ್ರೇ" ಅಂದರು. ತಪ್ಪೆಲ್ಲಿ ಎಂದು ಅವರ ಮನಸ್ಸಿಗೆ ಮುಟ್ಟುವಂತೆ ಹೇಳಲು ನನಗೆ ಆಗಲಿಲ್ಲ. ಆ ಮಾತು ಸಿಕ್ಕಿದ್ದು ದಕ್ಷಿಣ ಕೊರಿಯಾದ ವಿನಿಮಯ ಪ್ರವಾಸದಲ್ಲಿ, ಊಟಕ್ಕೆ ಕೂತಾಗ.

ಮೊದಲು ನೋಡಿದ್ದು ಇಮ್ಸಿಲ್ ಎಂಬ ಗುಡ್ಡಗಾಡು ಸೀಮೆಯ ಚೀಸ್ ಉದ್ಯಮ. 1964ರಲ್ಲಿ ಅಲ್ಲಿಗೆ ಬಂದ ಬೆಲ್ಜಿಯಂ ಮೂಲದ ಪಾದ್ರಿಯೊಬ್ಬರು ಬಡ ರೈತರಿಗೆ ಆಡು ಸಾಕಲು ಹಚ್ಚಿದರು. ಮಾರಾಟವಾಗದೆ ಉಳಿದ ಹಾಲಿನಿಂದ ಚೀಸ್ ಮಾಡಹೊರಟು ಹಲವು ಸಲ ಸೋತರು. ಯುರೋಪಿಗೆ ಹೋಗಿ ಕಲಿತು ಬಂದ ಮೇಲೆ ಕೈಗೂಡಿತು. ಈಗ ಆ ದೇಶದಲ್ಲಿ ಇಮ್ಸಿಲ್ ಎಂದರೆ ಚೀಸ್.

ಮಧ್ಯಾಹ್ನ ಹತ್ತಿರದ ಜಿಯೊಂಜು ನಗರದಲ್ಲಿ ಊಟ. ಅನ್ನಕ್ಕೆ ತರಕಾರಿ, ಮೊಳಕೆ, ಮೆಣಸಿನಕಾಯಿ ಗೊಜ್ಜು ಕಲಸಿ ತಿನ್ನುವ ಬಿಬಿಂಬಾಪ್, ಪಕ್ಕದಲ್ಲಿ ಕಿಮ್ಚಿ. ನಮ್ಮ ಉಪ್ಪಿನಕಾಯಿಯಂತೆಯೇ ಹುಳಿ, ಖಾರ; ಎಣ್ಣೆ ಮಾತ್ರ ಇಲ್ಲ. ಮೀನಿನ ರಸ ಹಾಕುವುದೂ ಉಂಟು, ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು.

ಚಳಿಗಾಲಕ್ಕೆ ಮುಂಚೆ ಅಕ್ಕಪಕ್ಕದ ಮನೆಯವರು ಕೂಡಿ ಕಿಮ್ಚಿ ಹಾಕುತ್ತಾರೆ. ಈ ಪದ್ಧತಿಯ ಹೆಸರು ಕಿಮ್ಜಾಂಗ್; 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಉಪ್ಪಿನಲ್ಲಿ ನೆನೆದ ಕೋಸಿಗೆ ಮಸಾಲೆ ಸವರಿ ಜಾಡಿಗೆ ತುಂಬುವುದನ್ನು ಅಡುಗೆಯಾಕೆ ತೋರಿಸಿದರು. ಪ್ರತಿ ಪದರವನ್ನೂ ಅಂಗೈಯಿಂದ ಒತ್ತಿ ಒತ್ತಿ ಗಾಳಿ ಹೊರಹಾಕಿದರು. ಥಟ್ಟನೆ ನನಗೆ ಆ ಚೀಲ ನೆನಪಾಯಿತು!

ಎರಡರ ಗುಟ್ಟೂ ಒಂದೇ. ಗಾಳಿ ಇಲ್ಲದಿದ್ದರೆ ಒಳ್ಳೆಯ ಸೂಕ್ಷ್ಮಾಣುಗಳು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಆ ಹುಳಿಯೇ ಮೇವನ್ನು ಕಾಯುತ್ತದೆ. ಗಾಳಿ ಉಳಿದರೆ ಬೂಷ್ಟು.

ನೀವು ಮಾಡಬೇಕಾದದ್ದು:

• ಮುಸುಕಿನ ಜೋಳವನ್ನು ಕಾಳು ಹಾಲುತುಂಬಿ ಗಟ್ಟಿಯಾಗುವ ಹೊತ್ತಿಗೆ ಕೊಯ್ದು, ಒಂದಿಂಚಿಗಿಂತ ಚಿಕ್ಕದಾಗಿ ಕತ್ತರಿಸಿ.
• ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು.
• ಪದರ ಪದರವಾಗಿ ತುಳಿದು ತುಂಬಿ, ಬಿಗಿಯಾಗಿ ಕಟ್ಟಿ.
• 45 ದಿನ ಬಿಚ್ಚಬೇಡಿ. ಬಿಚ್ಚಿದ ಮೇಲೆ ಆ ದಿನಕ್ಕೆ ಬೇಕಾದಷ್ಟೇ ತೆಗೆದು ಮತ್ತೆ ಮುಚ್ಚಿ.
• ಬೂಷ್ಟು ಹಿಡಿದದ್ದನ್ನು ಹಸುವಿಗೆ ಹಾಕಲೇಬೇಡಿ.

ಊರಿಗೆ ಮರಳಿ ಆ ಅಕ್ಕನಿಗೆ ಕಿಮ್ಚಿ ಕಥೆ ಹೇಳಿದೆ. "ಉಪ್ಪಿನಕಾಯಿ ಜಾಡಿ ಹಂಗೆ ಅನ್ನಿ" ಎಂದು ನಕ್ಕರು. ಮೊನ್ನೆ ನೆರೆಯ ಮೂವರು ಮುಯ್ಯಾಳಾಗಿ ಬಂದು ಅವರೊಂದಿಗೆ ಆರು ಚೀಲ ತುಳಿದು ಕಟ್ಟಿದ್ದಾರೆ. ಬಿಚ್ಚುವ ದಿನ ನಾನೂ ಹೋಗುತ್ತೇನೆ.