ಕೈಗೆಟುಕುವ ಕೋವಿ

ಅಮೆರಿಕೆಯ ಮನೆಗಳಲ್ಲಿ ಒಂದು ಸಣ್ಣ ಸಾಧನ ಬಳಕೆಯಲ್ಲಿದೆ. ಅಂಗೈಗಿಂತ ಚಿಕ್ಕದಾದ, ರಬ್ಬರಿನ ಹೊದಿಕೆಯುಳ್ಳ ಅಯಸ್ಕಾಂತ ಅದು. ಸ್ಕ್ರೂ ಹಾಕಿ ಮೇಜಿನ ಅಡಿಗೋ ಮಂಚದ ಮಗ್ಗುಲಿಗೋ ಬಿಗಿದರೆ ಸಾಕು. ಪಿಸ್ತೂಲಿನ ಉಕ್ಕಿನ ಭಾಗವನ್ನು ಕಚ್ಚಿ ಹಿಡಿದುಕೊಳ್ಳುತ್ತದೆ. ಒರೆಯಿಲ್ಲ, ಬೀಗವಿಲ್ಲ, ನಿದ್ದೆಗಣ್ಣಿನಲ್ಲಿ ಕೈ ನೀಡಿದರೂ ಆಯುಧ ಸಿಗುತ್ತದೆ. ನಿಯೋಡೈಮಿಯಮ್, ಕಬ್ಬಿಣ, ಬೋರಾನ್ ಬೆರೆತ ಬಲಿಷ್ಠ ಅಯಸ್ಕಾಂತ 1980ರ ದಶಕದಲ್ಲಿ ಜಪಾನು, ಅಮೆರಿಕೆಗಳಲ್ಲಿ ಸಿದ್ಧವಾದ ಮೇಲೆ ಇಷ್ಟು ಚಿಕ್ಕ ತುಂಡಿಗೆ ಅಷ್ಟು ಬಲ ಬಂದಿತು. ಆದರೆ ಆ ಬಲವೆಲ್ಲ ನೇರವಾಗಿ ಎಳೆದಾಗಿನದು. ಪಕ್ಕಕ್ಕೆ ಜಾರಿಸಿದರೆ ಹಿಡಿತ ಬಹಳ ಕಡಿಮೆ. ಯಜಮಾನನ ಕೈ ಯಾವುದು, ಐದು ವರ್ಷದ ಮಗುವಿನ ಕೈ ಯಾವುದು ಎಂಬ ಭೇದವಂತೂ ಅದಕ್ಕೆ ತಿಳಿಯದು.

ಇದನ್ನು ಓದಿದಾಗ ನನ್ನ ಮನಸ್ಸು ಹೋದುದು ನಮ್ಮ ಮಳಗಿಯ ಕಡೆಯ ಕೋವಿಗಳತ್ತ. ಮುಂಡಗೋಡ ತಾಲ್ಲೂಕಿನ ಈ ಊರು ಧರ್ಮಾ ಜಲಾಶಯದ ಊರು. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚು. ಕಾಡು ಗದ್ದೆಗೆ ತಾಗಿಕೊಂಡೇ ಇದೆ. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಇಳಿಯುತ್ತವೆ. ಕೆಲವು ವರ್ಷ ಆನೆಗಳೂ ಬರುವುದುಂಟು. ಬೆಳೆ ಕಾಯಲೆಂದು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು ಇಟ್ಟುಕೊಳ್ಳಲು ಲೈಸೆನ್ಸು ಪಡೆಯಬಹುದೆಂದು 1959ರ ಆಯುಧ ಕಾಯಿದೆಯೇ ಬಾಯಿಬಿಟ್ಟು ಹೇಳಿದೆ.

ಹಳೆಯ ಮನೆಗಳಲ್ಲಿ ಈ ಕೋವಿ ಇರುವ ಜಾಗವನ್ನು ನೋಡಬೇಕು. ಗೋಡೆಯ ಮೇಲೆ, ಅಟ್ಟದ ತೊಲೆಯ ಸಮೀಪ, ಎರಡು ಗೂಟಗಳ ಮೇಲೆ ಅಡ್ಡಲಾಗಿ ಮಲಗಿರುತ್ತದೆ. ಬಂದವರಿಗೆಲ್ಲ ಕಾಣಬೇಕು, ಆದರೆ ಮಕ್ಕಳಿಗೆ ಎಟುಕಬಾರದು. ಮದ್ದು ಒಂದು ಕಡೆ, ಕೇಪುಗಳ ಡಬ್ಬಿ ಇನ್ನೊಂದು ಕಡೆ; ಪೆಟ್ಟಿಗೆಯ ಬೀಗದ ಕೈ ಯಜಮಾನನ ಉಡಿದಾರದಲ್ಲಿ. ಈಡು ಹೊಡೆಯಬೇಕಾದರೆ ಮದ್ದು ಸುರಿಯಬೇಕು, ತೆಂಗಿನ ಜುಂಗು ತುರುಕಿ ಗಜದಿಂದ ಬಡಿಯಬೇಕು, ಚರೆ ಹಾಕಿ ಮತ್ತೆ ಬಡಿಯಬೇಕು, ಕೊನೆಗೆ ಕೇಪು ಕೂರಿಸಿ ಕುದುರೆ ಎಳೆಯಬೇಕು. ಅಷ್ಟರಲ್ಲಿ ಹಂದಿ ಓಡಿಹೋಗುತ್ತದೆ ಎಂದು ನಗುವವರುಂಟು. ಹೋಗಲಿ ಬಿಡಿ! ಆ ವಿಳಂಬದಲ್ಲಿಯೇ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಬೇಲಿಯಾಚೆ ಅಲುಗಿದ್ದು ಹಂದಿಯೋ, ಗದ್ದೆಗೆ ನೀರು ಕಟ್ಟಲು ಬಂದ ನೆರೆಯವನೋ ಎಂದು ತಿಳಿಯಲು ಎಡೆಯಾಗುತ್ತದೆ. ಹಂದಿಯೆಂದು ಹೊಡೆದ ಈಡು ಮನುಷ್ಯನಿಗೆ ತಗುಲಿದ ಸುದ್ದಿ ಮಲೆನಾಡಿಗೆ ಹೊಸದೇನಲ್ಲ. ಕೋವಿಯನ್ನು ತುಂಬಿಯೇ ಮೂಲೆಗೊರಗಿಸಿಡುವ ಅಭ್ಯಾಸವೂ ಕೆಲವೆಡೆ ಇದೆ. ಅದು ನನಗೆ ಮೇಜಿನಡಿಯ ಅಯಸ್ಕಾಂತದಷ್ಟೇ ಭಯ ಹುಟ್ಟಿಸುತ್ತದೆ.

ಕೋವಿಗೆ ನಮ್ಮಲ್ಲಿರುವ ಹೆಸರುಗಳೂ ಸ್ವಾರಸ್ಯವಾಗಿವೆ. ತುಪಾಕಿ ತುರ್ಕಿಯ ಮೂಲದ್ದು. ಬಂದೂಕಿನ ಹಿಂದಿರುವ ಅರಬ್ಬಿ ಶಬ್ದಕ್ಕೆ ಮೊದಲು ಒಂದು ಬಗೆಯ ಕಾಯಿ ಎಂದು ಅರ್ಥವಿದ್ದು, ಆಮೇಲೆ ಅದು ಗುಂಡಿಗೆ ಸಂದು, ಕಡೆಗೆ ಗುಂಡು ಹಾರಿಸುವ ಆಯುಧಕ್ಕೇ ಅಂಟಿತು.

ಕೊಡಗಿನವರು ಇದನ್ನು ತೋಕ್ ಎನ್ನುತ್ತಾರೆ. ಕೋವಿ ಅವರಷ್ಟು ಹತ್ತಿರವಾಗಿರುವ ಜನ ಕನ್ನಡನಾಡಿನಲ್ಲಿ ಬೇರೆ ಇಲ್ಲ. ಲೈಸೆನ್ಸಿನಿಂದ ಅವರಿಗಿರುವ ವಿನಾಯಿತಿ ಬ್ರಿಟಿಷರ ಕಾಲದ್ದು; ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ರಾಜ್ಯದ ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿಯಿತು. ಇಷ್ಟು ಹತ್ತಿರದ ಆಯುಧವನ್ನೂ ಅವರ ಸಂಪ್ರದಾಯ ಕೆಲಕಾಲ ದೂರವಿಡುತ್ತಿತ್ತು. ಉಳುಮೆ, ನಾಟಿಗಳ ದಿನಗಳಲ್ಲಿ ಆಯುಧಗಳು ಕನ್ನಿಕೋಂಬರೆ ಸೇರುತ್ತಿದ್ದವು. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಂದು ಅವನ್ನು ತೊಳೆದು ಒರೆಸಿ, ತೋಕ್‌ಪೂ ಮುಡಿಸಿ, ಪೂಜಿಸಿ, ಹಿರಿಯರ ಕೈಯಿಂದ ಪಡೆಯಬೇಕು. ನೇಗಿಲು ಹಿಡಿದ ಕೈಗೆ ಆಗ ಕೋವಿ ಇರಲಿಲ್ಲ.

ದೂರವಿಡುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. 1857ರ ನಿಶ್ಶಸ್ತ್ರೀಕರಣದ ಕಾಯಿದೆ ಮುಧೋಳ ಸಂಸ್ಥಾನದ ಹಲಗಲಿಗೆ ಬಂದಾಗ ಅಲ್ಲಿನ ಬೇಡರು ಆಯುಧ ಒಪ್ಪಿಸಲಿಲ್ಲ. ಅವರಿಗೆ ಅದು ಅನ್ನ, ಅದು ಮಾನ. ಸೈನ್ಯ ಊರನ್ನು ಸುಟ್ಟಿತು; ಹಲವರು ಗಲ್ಲಿಗೇರಿದರು. ಆ ಕಥೆಯ ಲಾವಣಿಯನ್ನು ಮುಂದೆ ಸಂಗ್ರಹಿಸಿ ಅಚ್ಚು ಮಾಡಿಸಿದವನು ಇಂಗ್ಲಿಷ್ ಅಧಿಕಾರಿ ಫ್ಲೀಟನೇ ಎಂಬುದು ವಿಚಿತ್ರ.

ಇಂದಿನ ಮಳಗಿಯ ರೈತನ ತೊಂದರೆ ಅಷ್ಟು ಘೋರವಾದುದಲ್ಲ, ಆದರೂ ಸಣ್ಣದಲ್ಲ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕೆಂಬ ಆಜ್ಞೆ ಬರುತ್ತದೆ. ವಿನಾಯಿತಿ ಕೇಳಲು ದಾರಿಯಿದೆ, ಆದರೆ ಅದಕ್ಕೆ ಓಡಾಡಬೇಕು. ಪಂಚಾಯಿತಿಗೆ ಒಮ್ಮೆ, ವಿಧಾನಸಭೆಗೆ ಒಮ್ಮೆ, ಲೋಕಸಭೆಗೆ ಒಮ್ಮೆ, ಹಂದಿಗಳಿಗೇನು ನೀತಿಸಂಹಿತೆಯೇ? ಅಷ್ಟು ದಿನ ಗೂಟಗಳು ಬರಿದಾಗಿರುತ್ತವೆ, ಗದ್ದೆಯಲ್ಲಿ ರಾತ್ರಿಯಿಡೀ ತಗಡಿನ ಡಬ್ಬ ಬಡಿಯುವ ಸದ್ದು. ಮತ ಎಣಿಕೆ ಮುಗಿದ ಮೇಲೆ ರೈತ ರಶೀದಿ ತೋರಿಸಿ ಕೋವಿಯನ್ನು ತರುತ್ತಾನೆ. ನಳಿಗೆಯ ತುಕ್ಕನ್ನು ಎಣ್ಣೆಬಟ್ಟೆಯಿಂದ ತಿಕ್ಕಿ, ಏಣಿ ಹಾಕಿ, ಮತ್ತೆ ಮೇಲಕ್ಕೇ ಇಡುತ್ತಾನೆ.