ಅಗಸೆ ಎಣ್ಣೆ ಕುಡಿದ ಅಕ್ರೋಟು ಮರ

2020ರ ಗಣರಾಜ್ಯೋತ್ಸವದಂದು ಉತ್ತರ ಪ್ರದೇಶದ ಪೊಲೀಸರು ಒಂದು ಹಳೆಯ ಕೋವಿಗೆ ವಿಧ್ಯುಕ್ತವಾಗಿ ವಿದಾಯ ಹೇಳಿದರು. ದೇಶವೆಲ್ಲ ‘ತ್ರೀ ನಾಟ್ ತ್ರೀ’ ಎಂದು ಕರೆದ ಲೀ-ಎನ್‌ಫೀಲ್ಡ್ ರೈಫಲ್ ಅದು. ಎರಡು ಮಹಾಯುದ್ಧಗಳನ್ನು ಕಂಡ ಈ ರೈಫಲ್‌ನ ನಳಿಗೆ, ಗುರಿ, ಗುಂಡಿನ ವೇಗದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಆದರೆ ಸಿಪಾಯಿಯ ಭುಜ, ಕೆನ್ನೆ, ಅಂಗೈಗಳಿಗೆ ತಾಗುತ್ತಿದ್ದುದು ಹೆಚ್ಚಾಗಿ ಅದರ ಮರ. ಮಳೆ, ಕೆಸರು, ಬಿಸಿಲುಗಳಲ್ಲಿ ಆ ಮರವನ್ನು ಕಾಪಾಡಿದ್ದು ಅಗಸೆ ಎಣ್ಣೆ.

ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ತಿನ್ನುವ ಅಗಸಿ ಹಿಂಡಿ ಇದೆಯಲ್ಲ, ಅದೇ ಬೀಜದ ಎಣ್ಣೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತಾ, ಮುಂಬಯಿ ಬಂದರುಗಳಿಂದ ಭಾರತದ ಅಗಸೆ ಹಡಗುಗಟ್ಟಲೆ ಇಂಗ್ಲೆಂಡಿಗೆ ಹೋಗುತ್ತಿತ್ತು. ಕೊಬ್ಬರಿ ಎಣ್ಣೆಯನ್ನು ಮರಕ್ಕೆ ಸವರಿದರೆ ಎಷ್ಟು ದಿನವಾದರೂ ಎಣ್ಣೆಯಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಹಾಗಲ್ಲ. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಿನೋಲೆನಿಕ್ ಆಮ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅಣುವಿಗೆ ಅಣು ಹೆಣೆದುಕೊಂಡು ಗಟ್ಟಿಯಾಗುತ್ತದೆ. ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಮರದ ರಂಧ್ರಗಳೊಳಗೇ ಬೇರೊಂದು ವಸ್ತುವಾಗಿ ನಿಲ್ಲುತ್ತದೆ. ಯುರೋಪಿನ ತೈಲಚಿತ್ರಗಳು ಶತಮಾನಗಳ ಕಾಲ ಉಳಿದಿರುವುದಕ್ಕೂ, ಹೊಸ ಕ್ರಿಕೆಟ್ ಬ್ಯಾಟಿಗೆ ಹುಡುಗರು ಎಣ್ಣೆ ಕುಡಿಸುವುದಕ್ಕೂ ಹಿಂದಿರುವುದು ಈ ಗುಣವೇ.

ಸೇನೆಗೆ ಎಣ್ಣೆಯೇ ಏಕೆ ಬೇಕಾಯಿತು? ಲೀ-ಎನ್‌ಫೀಲ್ಡ್‌ನಲ್ಲಿ ಮರ ಎರಡು ಮುಖ್ಯ ತುಂಡು: ಭುಜಕ್ಕೆ ಆನಿಸುವ ಬಟ್, ನಳಿಗೆಯ ಕೆಳಗೆ ಚಾಚಿದ ಮುಂಗಟ್ಟು. ಈ ಮುಂಗಟ್ಟು ತೇವ ಹೀರಿ ಉಬ್ಬಿದರೆ ನಳಿಗೆಯ ಮೇಲೆ ಒತ್ತಡ ಬದಲಾಗಿ ಗುಂಡು ಗುರಿ ತಪ್ಪುತ್ತದೆ. ವಾರ್ನಿಷ್ ಬಳಿದರೆ ಬಿಸಿಲಿಗೆ ಹೊಳೆಯುತ್ತದೆ, ಒಮ್ಮೆ ಎದ್ದುಹೋದರೆ ಆ ಜಾಗವನ್ನು ಸರಿಪಡಿಸಲು ಕಾರ್ಖಾನೆಯೇ ಬೇಕು. ಎಣ್ಣೆಯ ಮರ ತರಚಿದರೆ ಅಲ್ಲೇ ನಾಲ್ಕು ಹನಿ ಹಾಕಿ ಅಂಗೈಯಲ್ಲಿ ತಿಕ್ಕಿದರಾಯಿತು. ಅಗಸೆ ಎಣ್ಣೆ ನೀರನ್ನು ಪೂರ್ತಿ ತಡೆಯುವುದಿಲ್ಲ, ಒಳಹೋಗುವುದನ್ನು ನಿಧಾನ ಮಾಡುತ್ತದೆ ಅಷ್ಟೆ. ಹಾಗಾಗಿ ಮತ್ತೆ ಮತ್ತೆ ಹಚ್ಚಬೇಕು.

ಹಚ್ಚುವುದಕ್ಕೆ ಹಳಬರು ಬಾಯಲ್ಲಿ ಉಳಿಸಿಕೊಂಡ ಲೆಕ್ಕವೊಂದಿದೆ: ಒಂದು ವಾರ ದಿನಕ್ಕೊಮ್ಮೆ, ಒಂದು ತಿಂಗಳು ವಾರಕ್ಕೊಮ್ಮೆ, ಒಂದು ವರ್ಷ ತಿಂಗಳಿಗೊಮ್ಮೆ, ಆಮೇಲೆ ಬದುಕಿರುವಷ್ಟು ಕಾಲ ವರ್ಷಕ್ಕೊಮ್ಮೆ. ಪ್ರತಿ ಸಲವೂ ತೆಳ್ಳಗೆ. ಅಂಗೈ ಬಿಸಿಯಾಗುವವರೆಗೆ ತಿಕ್ಕಿ, ಮಿಕ್ಕಿದ್ದನ್ನು ಒರೆಸಿ ತೆಗೆಯಬೇಕು. ಬಿಟ್ಟರೆ ಅದು ಅಂಟಂಟಾಗಿ ದೂಳು ಹಿಡಿಯುತ್ತದೆ. ಹಸಿ ಎಣ್ಣೆ ಒಣಗಲು ದಿನಗಳೇ ಬೇಕು. ಅಂಗಡಿಯಲ್ಲಿ ‘ಬಾಯಿಲ್ಡ್’ ಎಂದು ಸಿಗುವುದು ಬೇಗ ಒಣಗುತ್ತದೆ, ಏಕೆಂದರೆ ಅದರಲ್ಲಿ ಸಾಮಾನ್ಯವಾಗಿ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣಗಳನ್ನು ಬೆರೆಸಿರುತ್ತಾರೆ.

ಒರೆಸಿದ ಬಟ್ಟೆಯ ವಿಷಯದಲ್ಲಿ ಮಾತ್ರ ಉದಾಸೀನ ಕೂಡದು. ಗಟ್ಟಿಯಾಗುವಾಗ ಎಣ್ಣೆ ಶಾಖ ಬಿಡುತ್ತದೆ. ಬಟ್ಟೆಯನ್ನು ಮುದುರಿ ಗುಡ್ಡೆ ಹಾಕಿದರೆ ಆ ಶಾಖ ಹೊರಹೋಗದೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. 1991ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ‘ಒನ್ ಮೆರಿಡಿಯನ್ ಪ್ಲಾಜಾ’ ಎಂಬ 38 ಅಂತಸ್ತಿನ ಕಟ್ಟಡ ಹೊತ್ತಿ ಉರಿದದ್ದು, ಮರಗೆಲಸದವರು ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳಿಂದ. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ನೀರಲ್ಲಿ ಅದ್ದಬೇಕು, ಇಲ್ಲವೇ ಬಯಲಿನಲ್ಲಿ ಒಂದೊಂದಾಗಿ ಹರಡಿ ಒಣಗಿಸಬೇಕು.

ಎಲ್ಲ ದೇಶಗಳೂ ಅಗಸೆಗೇ ಅಂಟಿಕೊಳ್ಳಲಿಲ್ಲ. ಅಮೆರಿಕದವರು ಎರಡನೇ ಮಹಾಯುದ್ಧದ ವೇಳೆ ಎಂ1 ಗರಾಂಡ್ ರೈಫಲ್‌ಗೆ ಚೀನಾ ಮೂಲದ ಟಂಗ್ ಎಣ್ಣೆ ಬಳಸತೊಡಗಿದರು. ರಷ್ಯಾದ ಮೊಸಿನ್-ನಗಾಂಟ್‌ಗಳನ್ನು ಯುದ್ಧದ ನಂತರ ದುರಸ್ತಿ ಮಾಡಿದಾಗ ಅರಗಿನ ಲೇಪ, ಅಂದರೆ ಶೆಲ್ಯಾಕ್, ಬಳಿದರು. ಅದು ಕೆಂಪಗೆ ಹೊಳೆಯುತ್ತದೆ, ಚಕ್ಕೆಯಾಗಿ ಉದುರುತ್ತದೆ.

ಬ್ರಿಟಿಷರ ಮೆಚ್ಚಿನ ಮರ ಅಕ್ರೋಟು. ಯುದ್ಧಕಾಲದಲ್ಲಿ ಅದು ಸಾಲದೆ ಬೀಚ್, ಬರ್ಚ್ ಮರಗಳೂ ಬಂದವು. ಕಲ್ಕತ್ತಾ ಬಳಿಯ ಈಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದ ಲೀ-ಎನ್‌ಫೀಲ್ಡ್‌ಗಳನ್ನು ನೋಡಿ: ಎಷ್ಟೋ ರೈಫಲ್‌ಗಳ ಮುಂಗಟ್ಟಿನಲ್ಲಿ ಅಡ್ಡಲಾಗಿ ಒಂದು ತಿರುಪು ಕಾಣುತ್ತದೆ. ಮರ ಸೀಳಬಾರದೆಂದು ಹಾಕಿದ್ದು. ಎಣ್ಣೆಯೊಂದೇ ಎಲ್ಲವನ್ನೂ ತಡೆಯಲಾರದೆಂದು ಅಲ್ಲಿನ ಕುಶಲಕರ್ಮಿಗಳಿಗೆ ಗೊತ್ತಿತ್ತು. ಆ ತಿರುಪು ಕಂಡರೆ ಸಾಕು, ಇದು ಈಶಾಪುರದ್ದಿರಬೇಕು ಎಂದು ಬಲ್ಲವರು ಊಹಿಸುತ್ತಾರೆ.

ಇಂಥ ಗುರುತುಗಳಿಂದಾಗಿಯೇ ಹಳೆಯ ಮರಕ್ಕೆ ಉಪ್ಪುಕಾಗದ ತಾಗಿಸುವುದು ನಿಜವಾದ ನಷ್ಟ. ಬಟ್‌ನ ಮೇಲೆ ಪರಿಶೀಲಕರ ಮುದ್ರೆಗಳಿರುತ್ತವೆ. ಸಿಪಾಯಿಯ ತೋಳಿನ ಅಳತೆಗೆ ತಕ್ಕಂತೆ ಉದ್ದ, ಗಿಡ್ಡ, ಇನ್ನೂ ಗಿಡ್ಡ ಬಟ್‌ಗಳನ್ನು ಮಾಡಿ ‘ಎಲ್’, ‘ಎಸ್’, ‘ಬಿ’ ಎಂದು ಒತ್ತುತ್ತಿದ್ದರು. ಮೊದಲ ಮಹಾಯುದ್ಧದ ಅವಸರದಲ್ಲಿ ಕೈಬಿಡುವ ತನಕ, ದಳದ ಹೆಸರು ಕೆತ್ತುವ ಹಿತ್ತಾಳೆಯ ಬಿಲ್ಲೆಯನ್ನೂ ಕೂರಿಸುತ್ತಿದ್ದರು. ಹೊಳಪಿನ ಆಸೆಗೆ ಉಜ್ಜಿದರೆ ಮುದ್ರೆಗಳು ಅಳಿಯುತ್ತವೆ, ಲೋಹದ ಅಂಚಿಗೆ ಸಮನಾಗಿದ್ದ ಮರ ತಗ್ಗುತ್ತದೆ, ದಶಕಗಳ ಎಣ್ಣೆಯಿಂದ ಬಂದ ಕೆಂಗಂದು ಬಣ್ಣ ಹೋಗುತ್ತದೆ. ಆ ಬಣ್ಣವನ್ನು ಯಾವ ಡಬ್ಬಿಯಿಂದಲೂ ತರಲಾಗದು. ತಗ್ಗುಬಿದ್ದ ಜಾಗವಿದ್ದರೆ ಒದ್ದೆ ಬಟ್ಟೆಯಿಟ್ಟು ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸಿದರೆ ಸಾಕು. ಹಬೆಗೆ ಮರದ ನಾರು ಉಬ್ಬಿ ಮೇಲೇಳುತ್ತದೆ.

ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಶುಚಿಗೊಳಿಸಿ ‘ತೋಕ್ ಪೂ’ ಎಂಬ ಹೂ ಮುಡಿಸಿ ಪೂಜಿಸುವ ಕೊಡಗಿನ ಮನೆಗಳಲ್ಲಿ ಇರುವುದು ಸೇನೆಯ ರೈಫಲ್ ಅಲ್ಲ, ಮನೆತನದ ಕೋವಿ. ಅದರ ಮರಕ್ಕೂ ಇದೇ ಮಾತು ಸಲ್ಲುತ್ತದೆ. ಮೊದಲು ಒಣಬಟ್ಟೆಯಿಂದ ದೂಳು ತೆಗೆದು, ಹೊರಗೆ ಕಾಣದ ಮೂಲೆಯಲ್ಲಿ ಒಂದು ಹನಿ ಎಣ್ಣೆ ಹಚ್ಚಿ ಎರಡು ದಿನ ಕಾದು ನೋಡಬೇಕು. ಮರ ಅದನ್ನು ಹೀರಿಕೊಂಡರೆ ಮಾತ್ರ ಉಳಿದ ಭಾಗಕ್ಕೆ ಕೈ ಹಾಕಬೇಕು.