ಶಾಲೆಯ ದಾರಿಯನ್ನು ಮಕ್ಕಳ ಕಾಲಿಗೆ ಮರಳಿಸೋಣ

ಕೊಪ್ಪಳವಿರಲಿ, ಗಂಗಾವತಿಯಿರಲಿ, ಕುಷ್ಟಗಿ-ಯಲಬುರ್ಗಾಗಳಿರಲಿ, ಬೆಳಗಿನ ಹೊತ್ತು ಶಾಲೆಯ ಬಾಗಿಲಲ್ಲಿ ನಿಂತರೆ ಕಾಣುವ ದೃಶ್ಯ ಒಂದೇ. ಒಂದು ಬೈಕು, ಅದರ ಮೇಲೆ ತಂದೆ, ಮುಂದೊಂದು ಮಗು, ಹಿಂದೆರಡು. ಮನೆಯಾದರೋ ಅರ್ಧ ಕಿಲೋಮೀಟರ್ ದೂರದಲ್ಲಿ. ಅಂಥ ಮಕ್ಕಳನ್ನೇ ಸಂಜೆ ನಮ್ಮಲ್ಲಿಗೆ ಕರೆತಂದು, ಹಸಿವಿಲ್ಲ, ಮಲಬದ್ಧತೆ ಬಿಡುವುದಿಲ್ಲ, ರಾತ್ರಿ ಬೇಗ ನಿದ್ರೆ ಹತ್ತುವುದಿಲ್ಲ ಎಂದು ಔಷಧ ಕೇಳುತ್ತಾರೆ. ಚೂರ್ಣ ಕೊಡುವುದು ಸುಲಭ. ಆದರೆ ಕಾಲಾಡಿಸದ ಮಗುವಿನ ಜಠರಾಗ್ನಿಯನ್ನು ಚೂರ್ಣವೊಂದೇ ಎಷ್ಟು ದಿನ ಎಬ್ಬಿಸೀತು?

ವಾಗ್ಭಟಾಚಾರ್ಯರು ‘ಅಷ್ಟಾಂಗಹೃದಯ’ದ ದಿನಚರ್ಯಾಧ್ಯಾಯದಲ್ಲಿ ವ್ಯಾಯಾಮದಿಂದ ದೇಹ ಹಗುರಾಗುವುದನ್ನೂ ಅಗ್ನಿ ದೀಪ್ತವಾಗುವುದನ್ನೂ ಮೇದಸ್ಸು ಕರಗುವುದನ್ನೂ ಹೇಳಿದ್ದಾರೆ. ಅದೇ ಅಧ್ಯಾಯದಲ್ಲಿ ಬಾಲರಿಗೆ ವ್ಯಾಯಾಮ ಸಲ್ಲದೆಂಬ ಮಾತೂ ಇದೆ. ಓದಿಕೊಂಡ ಕೆಲವರು ಅದನ್ನೇ ನಮ್ಮ ಮುಂದೆ ಹಿಡಿಯುವುದುಂಟು. ಅಲ್ಲಿ ಬೇಡವೆಂದಿರುವುದು ದಣಿಸುವ ವ್ಯಾಯಾಮವನ್ನು ಎಂಬುದು ನಮ್ಮ ತಿಳಿವಳಿಕೆ. ದೇಹವನ್ನು ಅತಿಯಾಗಿ ಪೀಡಿಸದ ನಡಿಗೆಗೆ ಸುಶ್ರುತರು ‘ಚಂಕ್ರಮಣ’ವೆಂಬ ಹೆಸರಿಟ್ಟು, ಅದು ಆಯುಸ್ಸು, ಬಲ, ಮೇಧೆ, ಅಗ್ನಿಗಳನ್ನು ಕೊಟ್ಟು ಇಂದ್ರಿಯಗಳನ್ನು ಎಚ್ಚರಗೊಳಿಸುವುದೆಂದು ಬೇರೆಯಾಗಿಯೇ ಹೊಗಳಿದ್ದಾರೆ. ಪಾಠಕ್ಕೆ ಕೂರುವ ಮುನ್ನ ಮಗುವಿಗೆ ಬೇಕಾದುದು ಇದೇ ಅಲ್ಲವೇ? ವಿಶ್ವ ಆರೋಗ್ಯ ಸಂಸ್ಥೆಯೂ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೇಹಶ್ರಮವನ್ನು ಹೇಳುತ್ತದೆ. ಒಂದು ಕಿಲೋಮೀಟರ್ ದೂರದ ಶಾಲೆಗೆ ಬಿರುಸಾಗಿ ನಡೆದು ಹೋಗಿಬಂದರೆ ಅದರಲ್ಲಿ ಅರ್ಧದಷ್ಟು ತಾನಾಗಿಯೇ ಆಗುತ್ತದೆ; ಉಳಿದದ್ದನ್ನು ಆಟ ತುಂಬುತ್ತದೆ.

ತಾಯಂದಿರ ಭಯ ನಡಿಗೆಯದ್ದಲ್ಲ, ರಸ್ತೆಯದ್ದು. ಆ ಭಯ ಸುಳ್ಳೆಂದು ನಾವು ಹೇಳಲಾರೆವು. ಕುಷ್ಟಗಿಯನ್ನು ಹಾದುಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ, ಕೊಪ್ಪಳದ 67ನೆಯದು, ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಭತ್ತ ಹೊತ್ತು ತರುವ ಲಾರಿಗಳು, ಎಡದಂಡೆ ಕಾಲುವೆಯ ಪಕ್ಕದ ದಾರಿಗಳು. ಇತ್ತ ಯಲಬುರ್ಗಾದ ಕಡೆ ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಹರವುವ ರಾಶಿ. ಸೈಕಲ್ಲಿನ ಚಕ್ರ ಆ ಕಾಳಿನ ಮೇಲೆ ಜಾರಿದರೆ ಮಗು ಬೀಳುವುದು ರಸ್ತೆಯ ನಡುವಿಗೇ. ಭಕ್ತರಲ್ಲಿ ರೈತರೇ ಹೆಚ್ಚಿರುವುದರಿಂದ ಇದನ್ನು ಬಿಚ್ಚಿ ಹೇಳುತ್ತಿದ್ದೇವೆ: ರಾಶಿಗೆ ಕಣವಿರಲಿ, ರಸ್ತೆ ಬೇಡ.

ಈ ಭಯಕ್ಕೆ ಹೆಚ್ಚಿನ ಬೆಲೆ ತೆರುವವರು ಹೆಣ್ಣುಮಕ್ಕಳು. ಊರಿನಲ್ಲಿ ಏಳನೆಯ ತರಗತಿ ಮುಗಿಯಿತು, ಪ್ರೌಢಶಾಲೆ ನಾಲ್ಕೈದು ಕಿಲೋಮೀಟರ್ ಆಚೆ, ಬಸ್ಸು ಹೊತ್ತಿಗೆ ಬರುವುದಿಲ್ಲ. ಅಲ್ಲಿಗೆ ಓದು ನಿಂತಿತು. ಸರಕಾರವು 2006-07ರಲ್ಲಿ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಕೊಡಲಾರಂಭಿಸಿದಾಗ ಎಷ್ಟೋ ಮನೆಗಳ ಹುಡುಗಿಯರು ಓದು ಮುಂದುವರಿಸಿದರು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಮನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಅಕ್ಕನ ಸೈಕಲ್ಲನ್ನು ಈಗಲಾದರೂ ತಂಗಿಗಾಗಿ ದುರಸ್ತಿ ಮಾಡಿಸಿರಿ.

ಮಗುವನ್ನು ಒಂಟಿಯಾಗಿ ಕಳುಹಿಸಬೇಕಿಲ್ಲ. ಜಪಾನಿನ ಅನೇಕ ಊರುಗಳಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಓಣಿಯವರೆಲ್ಲ ಸೇರಿ, ದೊಡ್ಡ ಮಗುವನ್ನು ಮುಂದಿಟ್ಟುಕೊಂಡು ಸಾಲಾಗಿ ನಡೆಯುತ್ತಾರೆ. ಚಿಕ್ಕವರ ಟೊಪ್ಪಿಗೆ ದೂರಕ್ಕೆ ಕಾಣುವ ಹಳದಿ. ಜಾತ್ರೆಗೆ ಹತ್ತಾರು ಮೈಲಿ ಗುಂಪಾಗಿ ಪಾದಯಾತ್ರೆ ಬರುವ ನಮ್ಮ ಊರುಗಳಿಗೆ ಇದೇನು ಹೊಸ ವಿದ್ಯೆ? ಓಣಿಯ ಹತ್ತು ಮಕ್ಕಳು, ಸರದಿಯಂತೆ ಒಬ್ಬ ಹಿರಿಯರು, ನಿಗದಿಯಾದ ಹೊತ್ತು, ಇಷ್ಟೇ ಸಾಕು. ಮೊದಲೊಂದು ವಾರ ತಂದೆ-ತಾಯಿ ಜೊತೆ ನಡೆದು ದಾರಿಯನ್ನು ತೋರಿಸಲಿ. ಕಾಲುದಾರಿಯಿಲ್ಲದಲ್ಲಿ ನಡೆಯುವವರು ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಹೋಗಬೇಕು. ಸೈಕಲ್ ಮಾತ್ರ ಎಡಬದಿಯಲ್ಲಿ, ಒಂದರ ಹಿಂದೊಂದು. ನಿಂತ ಬಸ್ಸಿನ ಮುಂದಿನಿಂದ ದಾಟಬಾರದು. ಹೆದ್ದಾರಿ ದಾಟುವಲ್ಲಿ ಎಷ್ಟೇ ದೊಡ್ಡ ಮಕ್ಕಳಿದ್ದರೂ ಹಿರಿಯರು ಇರಲೇಬೇಕು, ಇದರಲ್ಲಿ ರಿಯಾಯಿತಿಯಿಲ್ಲ.

ಸೈಕಲ್ ಮಗುವಿನ ಅಳತೆಯದಾಗಿರಲಿ: ಸೀಟಿನ ಮೇಲೆ ಕುಳಿತರೆ ಎರಡೂ ಕಾಲಿನ ಬೆರಳುಗಳು ನೆಲಕ್ಕೆ ತಾಗಬೇಕು. ಎರಡೂ ಬ್ರೇಕು, ಬೆಲ್ಲು, ಹಿಂದೆ ಹೊಳೆಯುವ ಕೆಂಪು ಬಿಲ್ಲೆ ಇರಲಿ. ದುಪಟ್ಟಾ ಚಕ್ರಕ್ಕೆ ಸಿಕ್ಕದಂತೆ ಬಿಗಿದು ಕಟ್ಟಲಿ. ತಲೆಗೆ ಹೆಲ್ಮೆಟ್ ಸಿಕ್ಕರೆ ಬಲು ಒಳ್ಳೆಯದು.

ಒಂಬತ್ತನೆಯ, ಹತ್ತನೆಯ ತರಗತಿಯ ಮಗನ ಕೈಗೆ ಬೈಕಿನ ಕೀಲಿ ಕೊಡುವ ಪ್ರೀತಿ ನಮಗೆ ಅರ್ಥವಾಗದು. 2019ರ ತಿದ್ದುಪಡಿಯಂತೆ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪಾಲಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ; ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ.

ನಮ್ಮ ಬಿಸಿಲಿನ ಮಾತನ್ನೂ ಹೇಳಬೇಕು. ಬೇಸಿಗೆಯಲ್ಲಿ ಅರ್ಧ ಬಲಕ್ಕಿಂತಲೂ ಕಡಿಮೆ ಶ್ರಮ ಸಾಕೆಂಬುದು ಶಾಸ್ತ್ರದ ಮಾತು; ಹಣೆಯಲ್ಲಿ ಬೆವರೊಡೆದು ಬಾಯಿ ಒಣಗಿದರೆ ನೆರಳಲ್ಲಿ ನಿಲ್ಲುವುದನ್ನು ಮಕ್ಕಳಿಗೆ ಕಲಿಸಿರಿ. ಖಾಲಿ ಹೊಟ್ಟೆಯಲ್ಲಿ ಕಳುಹಿಸಬೇಡಿರಿ. ರೊಟ್ಟಿ-ಮೊಸರೋ ಒಗ್ಗರಣೆಯೋ, ಏನಿದ್ದರೂ ಹೊರಡುವ ಅರ್ಧ ಗಂಟೆ ಮೊದಲು ತಿನ್ನಲಿ. ಉಂಡ ಕೂಡಲೇ ಸೈಕಲ್ ತುಳಿಯುವುದು ಸಲ್ಲದು. ಜೊತೆಗೊಂದು ಬಾಟಲಿ ನೀರು, ತಲೆಗೆ ಟೊಪ್ಪಿಗೆ. ಮರಳಿ ಬಂದಾಗ ಫ್ರಿಜ್ಜಿನ ನೀರಿಗೆ ಬದಲು ತೆಳುವಾದ ಮಜ್ಜಿಗೆಯನ್ನೋ ಬೆಲ್ಲದ ಪಾನಕವನ್ನೋ ಕೊಡಿರಿ. ಬೆನ್ನಿನ ಚೀಲವನ್ನು ಒಮ್ಮೆ ನೀವೇ ಎತ್ತಿ ನೋಡಿರಿ. ಆ ಭಾರ ಹೊತ್ತು ನಡೆಯುವುದು ಕಷ್ಟವೆನಿಸಿದರೆ, ಬರುವ ಎಸ್‌ಡಿಎಂಸಿ ಸಭೆಯಲ್ಲಿ ಶಾಲೆಯ ಮುಂದಿನ ರಸ್ತೆ ಉಬ್ಬು, ಬಿಳಿಪಟ್ಟೆಗಳ ಜೊತೆಗೆ ಅದನ್ನೂ ಪ್ರಸ್ತಾಪಿಸಿರಿ.